ಸಾಕು ಹಾವುಗಳ ಆಹಾರ ಪದ್ಧತಿ

ಸಾಕು ಹಾವುಗಳ ಆಹಾರ ಪದ್ಧತಿ ಎಂದರೆ ಮನುಷ್ಯರ ವಶದಲ್ಲಿರುವ ಹಾವುಗಳು ಏನನ್ನು, ಹೇಗೆ, ಎಷ್ಟು ದಿನಕ್ಕೊಮ್ಮೆ ತಿನ್ನುತ್ತವೆ ಮತ್ತು ಯಾವ ಸಂದರ್ಭದಲ್ಲಿ ಆಹಾರವನ್ನು ನಿರಾಕರಿಸುತ್ತವೆ ಎಂಬ ವಿಷಯ. ಹಾವಾಡಿಗರ ಬುಟ್ಟಿ, ಮೃಗಾಲಯ, ಉರಗೋದ್ಯಾನ ಹಾಗೂ ಕೆಲವು ದೇಶಗಳಲ್ಲಿ ಮನೆಗಳು ಹಾವು ಸೆರೆಯಲ್ಲಿರುವ ಸ್ಥಳಗಳು. ಎಲ್ಲ ಹಾವುಗಳೂ ಮಾಂಸಾಹಾರಿಗಳು; ಸಸ್ಯಾಹಾರಿಯಾದ ಒಂದು ಪ್ರಭೇದವೂ ಇಲ್ಲ. ಹಾಲು ಯಾವ ಹಾವಿನ ಆಹಾರವೂ ಅಲ್ಲ. ಆದರೂ ಕರ್ನಾಟಕದಲ್ಲಿ ಮನುಷ್ಯರು ಹಾವಿಗೆ ಕೊಡುತ್ತಾ ಬಂದಿರುವ ಮುಖ್ಯ ಪದಾರ್ಥ ಹಾಲೇ ಆಗಿದೆ. ಇದರಿಂದಾಗಿ ಸೆರೆಯಲ್ಲಿದ್ದ ಅಸಂಖ್ಯ ನಾಗರಹಾವುಗಳು ಸತ್ತಿವೆ. ಹಸುವಿನ ಹಾಲು ಕುಡಿಯುತ್ತದೆ ಎಂಬ ಆರೋಪದ ಮೇಲೆ ನಿರುಪದ್ರವಿ ಕೇರೆ ಹಾವುಗಳನ್ನು ಕೊಲ್ಲುವುದೂ ನಡೆದುಬಂದಿದೆ.

ಆಹಾರ ಸೇವನೆಯ ವಿಧಾನ

ಹಾವು ಆಹಾರವನ್ನು ಅಗಿಯುವುದಿಲ್ಲ, ಇಡಿಯಾಗಿ ನುಂಗುತ್ತದೆ. ಅದರ ಹಲ್ಲುಗಳು ಸೂಜಿಯಂತೆ ಚೂಪಾಗಿದ್ದು ಗಂಟಲಿನ ಕಡೆಗೆ ಬಾಗಿರುತ್ತವೆ. ಅವು ಹಿಡಿದ ಬೇಟೆ ಜಾರಿಹೋಗದಂತೆ ತಡೆಯಲು ಮಾತ್ರ ಉಪಯುಕ್ತ. ಕೆಳದವಡೆಯ ಎರಡು ಭಾಗಗಳು ಮುಂದುಗಡೆ ಮೂಳೆಯಿಂದ ಬೆಸೆದುಕೊಂಡಿರದೆ ಹಿಗ್ಗುವ ಅಸ್ಥಿರಜ್ಜುವಿನಿಂದ ಕೂಡಿಕೊಂಡಿರುವುದರಿಂದ, ತನ್ನ ತಲೆಗಿಂತ ದಪ್ಪನಾದ ಪ್ರಾಣಿಯನ್ನೂ ಹಾವು ನುಂಗಬಲ್ಲದು. ಈ ಸಂದರ್ಭದಲ್ಲಿ ದವಡೆ ಕಳಚಿಕೊಳ್ಳುತ್ತದೆ ಎಂಬ ಮಾತು ಸರಿಯಲ್ಲ. ಬಲ ಮತ್ತು ಎಡ ದವಡೆಗಳು ಒಂದಾದ ಮೇಲೊಂದರಂತೆ ಮುಂದೆ ಸರಿಯುತ್ತಾ ಬೇಟೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಸಾಮಾನ್ಯವಾಗಿ ತಲೆಯ ಕಡೆಯಿಂದ ನುಂಗುವ ಕಾರಣ ಬೇಟೆಯ ಕಾಲುಗಳೂ ಕೂದಲೂ ಅಡ್ಡಿಯಾಗುವುದಿಲ್ಲ.

ಬೇಟೆಯನ್ನು ಹಾವು ಪ್ರಧಾನವಾಗಿ ವಾಸನೆಯಿಂದ ಗುರುತಿಸುತ್ತದೆ. ಸೀಳು ನಾಲಗೆ ಗಾಳಿಯಲ್ಲಿನ ಕಣಗಳನ್ನು ಹೊತ್ತು ತಂದು ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್ಸನ್ ಅಂಗಕ್ಕೆ ತಲುಪಿಸುತ್ತದೆ. ಸೆರೆಯಲ್ಲಿರುವ ಹಾವುಗಳ ವಿಚಿತ್ರ ನಡವಳಿಕೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಈ ವಾಸನೆಯ ಅವಲಂಬನೆಯೇ. ಇಲಿಯ ವಾಸನೆ ಎಲ್ಲಿದೆಯೋ ಅಲ್ಲಿ ಇಲಿ ಇದೆ ಎಂದು ಹಾವು ಭಾವಿಸುತ್ತದೆ.

ಜೀರ್ಣಕ್ರಿಯೆ ಹೊರಗಿನ ಉಷ್ಣತೆಯನ್ನು ಅವಲಂಬಿಸಿದೆ. ತಂಪಾದ ಸ್ಥಳದಲ್ಲಿಟ್ಟ ಹಾವು ನುಂಗಿದ್ದನ್ನು ಅರಗಿಸಿಕೊಳ್ಳಲಾರದೆ ಕಕ್ಕಿಬಿಡುತ್ತದೆ. ನುಂಗಿದ ಒಂದೆರಡು ದಿನಗಳೊಳಗೆ ಕೈಯಲ್ಲಿ ಹಿಡಿದು ಆಡಿಸಿದರೂ ಹೀಗಾಗುವುದುಂಟು. ಮನೆಗಳಲ್ಲಿ ಹಿಡಿಯಲ್ಪಟ್ಟ ಹಾವು ಚೀಲಕ್ಕೆ ಹೋಗುವ ಮೊದಲು ಕಪ್ಪೆಯನ್ನೋ ಇಲಿಯನ್ನೋ ಹೊರಹಾಕುವುದನ್ನು ನೋಡಿದವರು ಅನೇಕರಿದ್ದಾರೆ. ಇದು ರೋಗವಲ್ಲ, ಭಾರ ಇಳಿಸಿಕೊಂಡು ತಪ್ಪಿಸಿಕೊಳ್ಳುವ ಉಪಾಯ.

ಮಂಡ್ಯ ಪ್ರದೇಶದ ಹಾವುಗಳು ಮತ್ತು ಅವುಗಳ ಸಹಜ ಆಹಾರ

ಸೆರೆಯಲ್ಲಿರುವ ಹಾವಿಗೆ ಏನು ಕೊಡಬೇಕು ಎಂಬುದನ್ನು ತಿಳಿಯಲು ಅದೇ ಹಾವು ಹೊಲಗದ್ದೆಗಳಲ್ಲಿ ಏನು ತಿನ್ನುತ್ತದೆ ಎಂಬುದನ್ನು ನೋಡಬೇಕು. ಇದಕ್ಕೆ ಮಂಡ್ಯ ಜಿಲ್ಲೆ ಒಳ್ಳೆಯ ಉದಾಹರಣೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯ ಕಾಮಗಾರಿ ಮುಗಿದು ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬಹುಭಾಗ ಭತ್ತ ಮತ್ತು ಕಬ್ಬಿನ ನಾಡಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ನಂತರ ಕಬ್ಬಿನ ಬೇಸಾಯ ಮತ್ತಷ್ಟು ವ್ಯಾಪಿಸಿತು. ಕಬ್ಬಿನ ಗದ್ದೆಯಲ್ಲಿ ತಿಂಗಳುಗಟ್ಟಲೆ ನೆರಳು, ತರಗಿನ ಹಾಸು, ತೇವ ಮತ್ತು ಸಿಹಿ ಜಲ್ಲೆ ಇರುವುದರಿಂದ ಇಲಿ, ಹೆಗ್ಗಣಗಳು ನೆಲೆಸುತ್ತವೆ. ಭತ್ತದ ಗದ್ದೆಯ ಬದುಗಳಲ್ಲಿ ಅವುಗಳ ಬಿಲಗಳಿರುತ್ತವೆ. ನಿಂತ ನೀರಿನಲ್ಲಿ ಕಪ್ಪೆಗಳಿರುತ್ತವೆ. ಇವೆಲ್ಲವೂ ಹಾವಿನ ಊಟ.

ಈ ಭಾಗದಲ್ಲಿ ಹೆಚ್ಚಾಗಿ ಕಾಣುವ ಕೇರೆ ಹಾವು ಇಲಿ, ಕಪ್ಪೆ, ಹಕ್ಕಿ, ಹಲ್ಲಿಗಳನ್ನು ತಿನ್ನುತ್ತದೆ. ಅದಕ್ಕೆ ವಿಷವಿಲ್ಲ, ಹೆಬ್ಬಾವಿನಂತೆ ಸುತ್ತಿ ಬಿಗಿಯುವ ಅಭ್ಯಾಸವೂ ಇಲ್ಲ. ಬೇಟೆಯನ್ನು ಮೈಯಿಂದ ನೆಲಕ್ಕೆ ಅದುಮಿ, ಬಹಳ ಸಲ ಜೀವಂತವಾಗಿಯೇ ನುಂಗುತ್ತದೆ. ಇಲಿಯ ಬಿಲದೊಳಕ್ಕೇ ನುಗ್ಗಬಲ್ಲ ಈ ಹಾವು ರೈತನಿಗೆ ಕೂಲಿಯಿಲ್ಲದ ಆಳು. ನೀರೊಳ್ಳೆ ಹಾವು ನಾಲೆ, ಕೆರೆ, ಗದ್ದೆಗಳಲ್ಲಿ ಮೀನು ಮತ್ತು ಕಪ್ಪೆಗಳನ್ನು ಹಿಡಿಯುತ್ತದೆ. ನಾಗರಹಾವು ಇಲಿ, ಕಪ್ಪೆಗಳ ಜೊತೆಗೆ ಇತರ ಹಾವುಗಳನ್ನೂ, ಕೋಳಿಗೂಡಿಗೆ ನುಗ್ಗಿ ಮೊಟ್ಟೆಗಳನ್ನೂ ನುಂಗುತ್ತದೆ. ಕೊಳಕುಮಂಡಲದ ಮುಖ್ಯ ಆಹಾರ ಇಲಿ. ಕಟ್ಟುಹಾವು ರಾತ್ರಿ ಸಂಚಾರಿ. ಅದು ಹೆಚ್ಚಾಗಿ ಬೇರೆ ಹಾವುಗಳನ್ನು ತಿನ್ನುತ್ತದೆ, ತನ್ನ ಜಾತಿಯದನ್ನೂ ಬಿಡುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಸುತ್ತಲಿನ ಕಾವೇರಿ ಕಣಿವೆಯ ಕಾಡಿನಲ್ಲಿ ಹೆಬ್ಬಾವುಗಳಿವೆ. ಅವು ಸಣ್ಣ ಸಸ್ತನಿಗಳನ್ನೂ ಹಕ್ಕಿಗಳನ್ನೂ ಸುತ್ತಿ ಬಿಗಿದು, ರಕ್ತಸಂಚಾರ ನಿಂತ ಮೇಲೆ ನುಂಗುತ್ತವೆ.

ಎಲ್ಲಕ್ಕಿಂತ ಚಿಕ್ಕದು ಎರೆಹುಳುವಿನಂತೆ ಕಾಣುವ ಹುಳುಹಾವು. ಗೆದ್ದಲು ಮತ್ತು ಇರುವೆಗಳ ಮೊಟ್ಟೆ, ಮರಿಗಳೇ ಇದರ ಆಹಾರ. ಹೂವಿನ ಕುಂಡದ ಮಣ್ಣಿನೊಡನೆ ಇದು ಮನೆಗೆ ಬಂದು, ಮನೆಯವರಿಗೆ ತಿಳಿಯದೆಯೇ ಸಾಕಿದ ಹಾವಿನಂತೆ ಬದುಕುತ್ತದೆ. ಕುಂಡಗಳ ಮೂಲಕವೇ ಇದು ಏಷ್ಯಾದಿಂದ ಪ್ರಪಂಚದ ಅನೇಕ ದೇಶಗಳಿಗೆ ಹರಡಿತು. ಇದರಲ್ಲಿ ಗಂಡು ಇಲ್ಲ. ಹೆಣ್ಣು ಒಂಟಿಯಾಗಿಯೇ ಸಂತಾನ ಪಡೆಯುವುದರಿಂದ ಒಂದು ಹಾವು ತಲುಪಿದರೂ ಸಾಕು.

ಹಾಲು ಮತ್ತು ಹಾವು

ನಾಗರ ಪಂಚಮಿ ಮತ್ತು ಸುಬ್ಬರಾಯನ ಷಷ್ಠಿಯಂದು ಹುತ್ತಕ್ಕೆ ಅಥವಾ ಅಶ್ವತ್ಥದ ಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುವುದು ಹಳೆ ಮೈಸೂರು ಭಾಗದ ಹಳ್ಳಿಗಳಲ್ಲಿ ರೂಢಿ. ಇದನ್ನು ತನಿ ಎರೆಯುವುದು ಎನ್ನುತ್ತಾರೆ. ಪದ್ಧತಿ ಬಹು ಹಳೆಯದು. ಕಲ್ಲಿನ ನಾಗನಿಗೆ ಹಾಲು, ನಿಜದ ನಾಗನಿಗೆ ಸಾವು ಎಂಬ ವೈರುಧ್ಯವನ್ನು 12ನೆಯ ಶತಮಾನದಲ್ಲಿ ಬಸವಣ್ಣನವರು ತಮ್ಮ ವಚನವೊಂದರಲ್ಲಿ ಎತ್ತಿ ತೋರಿಸಿದ್ದಾರೆ. ತನಿ ಎರೆಯುವುದು ಪೂಜೆಯ ಒಂದು ಕ್ರಮವೇ ಹೊರತು ಹಾವಿಗೆ ಉಣಿಸುವ ಕ್ರಮವಲ್ಲ. ಹುತ್ತಕ್ಕೆ ಎರೆದ ಹಾಲು ಮಣ್ಣಿಗೆ ಇಂಗುತ್ತದೆ. ಹುತ್ತವನ್ನು ಕಟ್ಟುವುದೂ ಹಾವಲ್ಲ, ಗೆದ್ದಲು. ಹಾವು ಅಲ್ಲಿ ತಂಪಿಗಾಗಿಯೂ ಬೇಟೆಗಾಗಿಯೂ ಸೇರಿಕೊಳ್ಳುತ್ತದೆ. ಹಾಲಿನ ಜೊತೆ ಇಡುವ ಮೊಟ್ಟೆಯ ವಿಷಯ ಬೇರೆ. ಮೊಟ್ಟೆ ನಾಗರಹಾವಿನ ಸಹಜ ಆಹಾರಗಳಲ್ಲಿ ಒಂದು.

ತೊಂದರೆ ಆರಂಭವಾದದ್ದು ಹಾವಾಡಿಗರ ಬುಟ್ಟಿಯ ಜೀವಂತ ಹಾವಿಗೆ ಹಾಲು ಕುಡಿಸತೊಡಗಿದಾಗ. ಬಾಯಾರಿದ ಹಾವು ಎದುರಿಗಿಟ್ಟ ಯಾವ ದ್ರವವನ್ನಾದರೂ ಕುಡಿಯುತ್ತದೆ. ಆದ್ದರಿಂದ ಹಬ್ಬಕ್ಕೆ ಮೊದಲು ಹಾವುಗಳನ್ನು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನೀರು ಆಹಾರಗಳಿಲ್ಲದೆ ಇಡುತ್ತಿದ್ದರು. ವಿಷದ ಹಲ್ಲುಗಳನ್ನು ಕಿತ್ತುಹಾಕುವುದು, ಬಾಯಿಯನ್ನು ದಾರದಿಂದ ಹೊಲಿಯುವುದು ಸಹ ಇದರ ಭಾಗವಾಗಿತ್ತು. ಹಬ್ಬದ ದಿನ ಹಾವು ಹಾಲಿಗೆ ಬಾಯಿಡುವುದನ್ನು ಕಂಡ ಭಕ್ತರು ಅದು ನೈವೇದ್ಯ ಸ್ವೀಕರಿಸಿತೆಂದು ಸಂತೋಷಪಡುತ್ತಿದ್ದರು. ಹಾವು ಸರೀಸೃಪ, ಹುಟ್ಟಿದ ಮೇಲೆ ತಾಯಿಯ ಹಾಲು ಕುಡಿಯುವ ಪ್ರಾಣಿವರ್ಗಕ್ಕೆ ಅದು ಸೇರಿದ್ದಲ್ಲ. ಹಾಲನ್ನು ಅರಗಿಸಿಕೊಳ್ಳುವ ವ್ಯವಸ್ಥೆ ಅದರ ದೇಹದಲ್ಲಿಲ್ಲ. ಒತ್ತಾಯದಿಂದ ಕುಡಿಸಿದ ಹಾಲು ಶ್ವಾಸನಾಳದ ಮೂಲಕ ಪುಪ್ಪುಸಕ್ಕೆ ಹೋಗಿ ಸೋಂಕು ಉಂಟಾಗುತ್ತದೆ. ಕಿತ್ತ ಹಲ್ಲಿನ ಜಾಗದಲ್ಲಿ ಹುಣ್ಣಾದ ಹಾವು ಆಮೇಲೆ ಇಲಿಯನ್ನು ಕೊಟ್ಟರೂ ತಿನ್ನಲಾರದೆ ಹಸಿವಿನಿಂದ ಸಾಯುತ್ತದೆ.

ಹಾವಾಡಿಗರನ್ನು ಮಾತ್ರ ಇದಕ್ಕೆ ಹೊಣೆ ಮಾಡುವುದು ನ್ಯಾಯವಲ್ಲ. ಹಾಲು ಕುಡಿಯುವ ಹಾವನ್ನು ನೋಡಬಯಸಿ ಕಾಸು ಕೊಡುತ್ತಿದ್ದವರು ಊರಿನವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ಈ ವೃತ್ತಿ ಕ್ರಮೇಣ ಮರೆಯಾಯಿತು, ಆದರೆ ಅದನ್ನೇ ನಂಬಿದ್ದ ಕುಟುಂಬಗಳಿಗೆ ಬದಲಿ ಜೀವನೋಪಾಯ ಎಲ್ಲೆಡೆ ದೊರೆಯಲಿಲ್ಲ. ನೆರೆಯ ತಮಿಳುನಾಡಿನಲ್ಲಿ ಹಾವು ಹಿಡಿಯುವುದರಲ್ಲಿ ನಿಪುಣರಾದ ಇರುಳ ಸಮುದಾಯದವರು 1978ರಲ್ಲಿ ಸಹಕಾರ ಸಂಘ ರಚಿಸಿಕೊಂಡು, ಪ್ರತಿವಿಷ ತಯಾರಿಕೆಗೆ ಬೇಕಾದ ವಿಷವನ್ನು ಸಂಗ್ರಹಿಸುವ ಕೆಲಸಕ್ಕೆ ತೊಡಗಿದ್ದು ಇದಕ್ಕೊಂದು ಅಪವಾದ. ಅಲ್ಲಿ ಹಾವುಗಳನ್ನು ಪರವಾನಗಿ ಪಡೆದು ಹಿಡಿದು, ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದ ಮೇಲೆ ಕಾಡಿಗೆ ಬಿಡಲಾಗುತ್ತದೆ.

ಕೆಚ್ಚಲಿಗೆ ಬಾಯಿಡುವ ಹಾವು

ಕೇರೆ ಹಾವು ರಾತ್ರಿ ಕೊಟ್ಟಿಗೆಗೆ ಬಂದು, ಹಸುವಿನ ಹಿಂಗಾಲುಗಳನ್ನು ಸುತ್ತಿ ಕಟ್ಟಿ, ಕೆಚ್ಚಲಿಗೆ ಬಾಯಿಟ್ಟು ಹಾಲು ಕುಡಿಯುತ್ತದೆ ಎಂಬ ನಂಬಿಕೆ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಯೂರೋಪ್ ಮತ್ತು ಅಮೆರಿಕಗಳಲ್ಲಿಯೂ ಬೇರೆ ಬೇರೆ ಹಾವುಗಳ ಬಗ್ಗೆ ಇದೇ ಕಥೆಯಿದೆ. ಅಮೆರಿಕದ ಒಂದು ಹಾವಿಗೆ ಈ ಕಾರಣದಿಂದಲೇ ಹಾಲುಹಾವು ಎಂಬರ್ಥದ ಹೆಸರು ಬಂದಿದೆ.

ದೇಹರಚನೆಯ ದೃಷ್ಟಿಯಿಂದ ಇದು ಸಾಧ್ಯವಿಲ್ಲ. ಚೀಪಲು ಮೃದುವಾದ ತುಟಿ, ಕೆನ್ನೆಗಳು ಬೇಕು, ಹಾವಿಗೆ ಅವಿಲ್ಲ. ಅದರ ಹಿಂಬಾಗಿದ ಹಲ್ಲುಗಳು ಮೊಲೆತೊಟ್ಟಿಗೆ ಚುಚ್ಚಿಕೊಂಡರೆ ಹಸು ಸುಮ್ಮನೆ ನಿಲ್ಲುವುದಿಲ್ಲ, ಒದೆಯುತ್ತದೆ. ಹಾವು ಕೊಟ್ಟಿಗೆಗೆ ಬರುವುದು ನಿಜ. ಹಿಂಡಿ, ಬೂಸ, ಹುಲ್ಲಿನ ಮೆದೆ ಇರುವಲ್ಲಿ ಇಲಿಗಳಿರುತ್ತವೆ, ಗಂಜಲದ ತೇವಕ್ಕೆ ಕಪ್ಪೆಗಳು ಬರುತ್ತವೆ, ಅವುಗಳ ಹಿಂದೆ ಹಾವು ಬರುತ್ತದೆ. ಬೆಳಿಗ್ಗೆ ಹಾಲು ಕಡಿಮೆಯಾಗಿದ್ದರೆ, ತೊಟ್ಟಿನಲ್ಲಿ ಗಾಯವೋ ರಕ್ತವೋ ಕಂಡರೆ, ಕೊಟ್ಟಿಗೆಯ ಮೂಲೆಯಲ್ಲಿ ಕಂಡ ಹಾವಿನ ಮೇಲೆ ದೂರು ಬೀಳುತ್ತದೆ. ಹೈನುಗಾರಿಕೆ ಅನೇಕ ಮನೆಗಳ ದೈನಂದಿನ ಆದಾಯವಾಗಿರುವ, ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೇರಿ ಇರುವ ಮದ್ದೂರು ತಾಲ್ಲೂಕಿನಂಥ ಕಡೆ ಈ ತಪ್ಪು ತಿಳಿವಳಿಕೆಯಿಂದ ಎರಡು ನಷ್ಟಗಳಿವೆ. ಇಲಿ ತಿನ್ನುವ ಹಾವು ಸಾಯುತ್ತದೆ. ಹಾಲು ಕಡಿಮೆಯಾಗಲು ಕಾರಣವಾಗಿರಬಹುದಾದ ಕೆಚ್ಚಲು ಬಾವಿಗೆ ಸಕಾಲದಲ್ಲಿ ಚಿಕಿತ್ಸೆ ಸಿಗುವುದಿಲ್ಲ. ಹಾಲಿನಲ್ಲಿ ಗರಣೆ ಅಥವಾ ರಕ್ತ, ಕೆಚ್ಚಲಿನಲ್ಲಿ ಬಿಸಿ ಮತ್ತು ಊತ ಕಂಡರೆ ಕರೆಯಬೇಕಾದದ್ದು ಪಶುವೈದ್ಯರನ್ನು.

ಸೆರೆಯಲ್ಲಿ ಕಾಣುವ ಅಸಾಮಾನ್ಯ ನಡವಳಿಕೆಗಳು

ಉಪವಾಸ: ಹಾವು ಸಾಕುವವರನ್ನು ಅತಿ ಹೆಚ್ಚು ಗಾಬರಿಗೊಳಿಸುವುದು ಇದು. ಪೊರೆ ಬಿಡುವ ಮೊದಲು ಕಣ್ಣು ಮಂಜಾದಾಗ ಹಾವು ತಿನ್ನುವುದಿಲ್ಲ. ಚಳಿಗಾಲದಲ್ಲಿ, ಗಂಡಾದರೆ ಕೂಡುವ ಕಾಲದಲ್ಲಿ, ಹೆಣ್ಣಾದರೆ ಮೊಟ್ಟೆ ತುಂಬಿದಾಗ ತಿನ್ನದಿರುವುದು ಸಹಜ. ಭಾರತದ ಹೆಬ್ಬಾವಿನ ಹೆಣ್ಣು ಮೊಟ್ಟೆಗಳನ್ನು ಸುತ್ತಿಕೊಂಡು, ಸ್ನಾಯುಗಳನ್ನು ನಡುಗಿಸಿ ಕಾವು ಕೊಡುವ ಸುಮಾರು ಎರಡು ತಿಂಗಳ ಕಾಲ ಸಾಮಾನ್ಯವಾಗಿ ಏನನ್ನೂ ತಿನ್ನುವುದಿಲ್ಲ. ವಿದೇಶಗಳಲ್ಲಿ ಹೆಚ್ಚಾಗಿ ಸಾಕುವ, ಆಫ್ರಿಕಾ ಮೂಲದ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿದ್ದು, ಒಂದು ದಿನ ಏನೂ ಆಗದಂತೆ ಮತ್ತೆ ತಿನ್ನತೊಡಗುವುದಕ್ಕೆ ಹೆಸರಾಗಿದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರು ಜಾತಿಯ ಹಾವುಗಳನ್ನು ಸುಮಾರು ಆರು ತಿಂಗಳು ಆಹಾರವಿಲ್ಲದೆ ಇಟ್ಟು ನೋಡಲಾಯಿತು. ಅವು ದೇಹದ ಶಕ್ತಿವ್ಯಯವನ್ನು ಬಹಳವಾಗಿ ತಗ್ಗಿಸಿಕೊಂಡವು. ವಿಚಿತ್ರವೆಂದರೆ ಆ ಅವಧಿಯಲ್ಲೂ ಉದ್ದದಲ್ಲಿ ಬೆಳೆದವು. ಆದರೆ ಇಂಥ ಸಾಮರ್ಥ್ಯವನ್ನು ನೆಪ ಮಾಡಿ ಹಾವಿಗೆ ನೀರನ್ನೂ ಕೊಡದಿರುವುದು ಅದನ್ನು ಕೊಂದಂತೆಯೇ.

ಒಂದೇ ಬಗೆಯ ಆಹಾರದ ಹಟ: ಕೆಲವು ಹಾವುಗಳು ಹುಟ್ಟಿನಿಂದಲೇ ಒಂದು ಬಗೆಯ ಪ್ರಾಣಿಗೆ ಒಗ್ಗಿಕೊಂಡಿರುತ್ತವೆ. ಕಪ್ಪೆ ತಿನ್ನುವ ಹಾವಿಗೆ ಇಲಿ ಆಹಾರವೆಂದು ತೋರುವುದೇ ಇಲ್ಲ. ಸಾಕುವವರು ಇಲಿಯ ಮೈಗೆ ಕಪ್ಪೆಯ ವಾಸನೆ ಹಚ್ಚಿ ಕೊಟ್ಟು, ನಿಧಾನವಾಗಿ ಆ ವಾಸನೆಯನ್ನು ಕಡಿಮೆ ಮಾಡುತ್ತಾ ಅದನ್ನು ಇಲಿಗೆ ಒಗ್ಗಿಸುತ್ತಾರೆ. ಇದರ ಕಠಿಣ ಉದಾಹರಣೆ ಕಾಳಿಂಗ ಸರ್ಪ. ಅದರ ಆಹಾರ ಮುಖ್ಯವಾಗಿ ಇತರ ಹಾವುಗಳು. ಆದ್ದರಿಂದ ಅದನ್ನು ಇಟ್ಟುಕೊಂಡ ಮೃಗಾಲಯ ಕೇರೆ, ನೀರೊಳ್ಳೆಗಳಂಥ ಹಾವುಗಳನ್ನು ಒದಗಿಸಬೇಕಾಗುತ್ತದೆ, ಇಲ್ಲವೇ ಹಾವಿನ ವಾಸನೆ ಹಚ್ಚಿದ ಇಲಿಯನ್ನು ರೂಢಿ ಮಾಡಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಮಂಗಳೂರಿನ ಪಿಲಿಕುಳದ ಜೈವಿಕ ಉದ್ಯಾನದಲ್ಲಿ ಕಾಳಿಂಗ ಸರ್ಪಗಳ ಸಂತಾನೋತ್ಪತ್ತಿ ನಡೆದಿದೆ. ಪಶ್ಚಿಮ ಘಟ್ಟಗಳ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿದ ವಿಜ್ಞಾನಿಗಳು ಅದಕ್ಕೆ ಕನ್ನಡದ ಹೆಸರನ್ನೇ ಉಳಿಸಿ ಒಫಿಯೊಫೇಗಸ್ ಕಾಳಿಂಗ ಎಂದು ಕರೆದರು. ಒಫಿಯೊಫೇಗಸ್ ಎಂದರೆ ಹಾವುಭಕ್ಷಕ.

ಸ್ವಜಾತಿ ಭಕ್ಷಣೆ: ಒಂದೇ ಪೆಟ್ಟಿಗೆಯಲ್ಲಿರುವ ಎರಡು ಹಾವುಗಳು ಒಂದು ಇಲಿಯನ್ನು ಎರಡು ತುದಿಗಳಿಂದ ನುಂಗತೊಡಗಿದರೆ, ಬಾಯಿಗಳು ಸಂಧಿಸಿದಾಗ ಯಾವುದೂ ಬಿಡುವುದಿಲ್ಲ. ದೊಡ್ಡದು ಇಲಿಯ ಜೊತೆಗೆ ಚಿಕ್ಕ ಹಾವನ್ನೂ ನುಂಗಿಬಿಡುತ್ತದೆ. ಹಾವುಗಳಿಗೆ ಬೇರೆ ಬೇರೆಯಾಗಿ ಉಣಿಸಬೇಕೆಂಬ ನಿಯಮ ಬಂದದ್ದು ಇದರಿಂದ.

ತನ್ನ ಬಾಲವನ್ನೇ ನುಂಗುವುದು: ಅಮೆರಿಕದ ಕಿಂಗ್ ಸ್ನೇಕ್ ಮತ್ತು ರ‍್ಯಾಟ್ ಸ್ನೇಕ್‌ಗಳು ಸೆರೆಯಲ್ಲಿ ಹೀಗೆ ಮಾಡಿದ ನಿದರ್ಶನಗಳಿವೆ. ಅತಿಯಾದ ಶಾಖ, ಇಕ್ಕಟ್ಟು, ಒತ್ತಡ ಅಥವಾ ಬಾಲಕ್ಕೆ ಅಂಟಿದ ಬೇಟೆಯ ವಾಸನೆ ಇದಕ್ಕೆ ಕಾರಣವೆನ್ನಲಾಗಿದೆ. ಹಿಂಬಾಗಿದ ಹಲ್ಲುಗಳಿಂದಾಗಿ ಒಮ್ಮೆ ನುಂಗತೊಡಗಿದ ಬಾಲವನ್ನು ಹೊರಬಿಡುವುದು ಹಾವಿಗೆ ಕಷ್ಟ. ತನ್ನ ಬಾಲವನ್ನು ತಾನೇ ಕಚ್ಚಿದ ಸರ್ಪದ ಚಿತ್ರ ಪ್ರಾಚೀನ ಈಜಿಪ್ಟ್ ಮತ್ತು ಗ್ರೀಸ್‌ಗಳಲ್ಲಿ ಅನಂತತೆಯ ಸಂಕೇತವಾಗಿತ್ತು. ಬೋನಿನೊಳಗೆ ಅದು ಕಷ್ಟದ ಸಂಕೇತ.

ಆಹಾರವಲ್ಲದ ವಸ್ತುಗಳನ್ನು ನುಂಗುವುದು: 2006ರಲ್ಲಿ ಅಮೆರಿಕದ ಐಡಹೊ ರಾಜ್ಯದಲ್ಲಿ ಒಂದು ಸಾಕು ಬರ್ಮಾ ಹೆಬ್ಬಾವು ವಿದ್ಯುತ್ ಕಂಬಳಿಯೊಂದನ್ನು ತಂತಿಯ ಸಮೇತ ನುಂಗಿತು. 2020ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮತ್ತೊಂದು ಸಾಕು ಹೆಬ್ಬಾವು ಬೀಚ್ ಟವೆಲನ್ನು ನುಂಗಿತ್ತು. ಎರಡನ್ನೂ ಪಶುವೈದ್ಯರು ಹೊರತೆಗೆದರು, ಹಾವುಗಳು ಬದುಕಿದವು. ಆಹಾರದ ವಾಸನೆ ಬಟ್ಟೆಗೆ ಅಂಟಿದ್ದರೆ ಅಥವಾ ಬೇಟೆಯೊಡನೆ ಬಟ್ಟೆಯ ಅಂಚೂ ಬಾಯಿಗೆ ಸಿಕ್ಕಿದರೆ ಹೀಗಾಗುತ್ತದೆ.

ಉಣಿಸುವ ಕ್ರಮ

ಮೃಗಾಲಯಗಳಲ್ಲಿ ಹಾವಿನ ದೇಹದ ಅತಿ ದಪ್ಪ ಭಾಗಕ್ಕೆ ಸರಿಸುಮಾರು ಸಮನಾದ ಗಾತ್ರದ ಬೇಟೆಯನ್ನು ಕೊಡುವುದು ವಾಡಿಕೆ. ಮರಿಗಳಿಗೆ ವಾರಕ್ಕೊಮ್ಮೆ, ಬೆಳೆದವಕ್ಕೆ ಎರಡು ಮೂರು ವಾರಗಳಿಗೊಮ್ಮೆ, ದೊಡ್ಡ ಹೆಬ್ಬಾವುಗಳಿಗೆ ತಿಂಗಳಿಗೊಮ್ಮೆ ಸಾಕಾಗುತ್ತದೆ. ಅತಿಯಾಗಿ ಉಣಿಸಿದ ಹಾವಿಗೆ ಬೊಜ್ಜು ಬರುತ್ತದೆ. ಜೀವಂತ ಇಲಿಯನ್ನು ಬಿಡುವುದಕ್ಕಿಂತ ಶೀತಲೀಕರಿಸಿದ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ ಕೊಡುವುದು ಮೇಲು. ಹಸಿವಿಲ್ಲದ ಹಾವಿನೊಡನೆ ರಾತ್ರಿಯಿಡೀ ಉಳಿದ ಇಲಿ ಹಾವನ್ನೇ ಕಚ್ಚಿ ಗಾಯಗೊಳಿಸಿದ ಪ್ರಸಂಗಗಳಿವೆ. ಮೀನು ತಿನ್ನುವ ಹಾವುಗಳಿಗೆ ಕೆಲವು ಜಾತಿಯ ಶೀತಲೀಕರಿಸಿದ ಮೀನುಗಳನ್ನೇ ಸದಾ ಕೊಟ್ಟರೆ ಬಿ1 ಜೀವಸತ್ವದ ಕೊರತೆಯಿಂದ ನಡುಕ, ಸೆಳವು ಕಾಣಿಸಿಕೊಳ್ಳುತ್ತವೆ.

ಕಾನೂನು

ಭಾರತದಲ್ಲಿ ನಾಗರಹಾವು, ಕೇರೆ, ಹೆಬ್ಬಾವು ಮೊದಲಾದ ದೇಶೀಯ ಹಾವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನ್‌ನಂಥ ವಿದೇಶಿ ಹಾವುಗಳನ್ನು ಇಟ್ಟುಕೊಂಡವರು, ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ, ಅವುಗಳನ್ನು ನೋಂದಾಯಿಸಬೇಕು.

ದಕ್ಷಿಣ ಕರ್ನಾಟಕದಲ್ಲಿ ಕಾನೂನಿಗೆ ಹೆಚ್ಚು ಸವಾಲಾಗಿರುವುದು ಎರಡು ತಲೆ ಹಾವು ಎಂದು ಕರೆಯುವ ಮಣ್ಣುಮುಕ್ಕ ಹಾವಿನ ಕಳ್ಳಸಾಗಣೆ. ಮೊಂಡಾದ ಬಾಲ ತಲೆಯಂತೆ ಕಾಣುವುದೇ ಈ ಹೆಸರಿಗೆ ಕಾರಣ. ಮನೆಯಲ್ಲಿಟ್ಟರೆ ಅದೃಷ್ಟ, ತೂಕ ಹೆಚ್ಚಿದಷ್ಟೂ ಬೆಲೆ ಎಂಬ ಸುಳ್ಳು ಪ್ರಚಾರದಿಂದ ಇದನ್ನು ಹಿಡಿದು ಬಚ್ಚಿಡಲಾಗುತ್ತದೆ. ಇಲಿ, ಹಲ್ಲಿಗಳನ್ನು ಸುತ್ತಿ ಬಿಗಿದು ತಿನ್ನುವ, ಸಡಿಲ ಮಣ್ಣಿನಲ್ಲಿ ಹುದುಗಿ ಬದುಕುವ ಈ ಹಾವು ಮಣ್ಣನ್ನು ತಿನ್ನುವುದಿಲ್ಲ. ಹೆಸರನ್ನು ನಂಬಿ ಬರೀ ಮಣ್ಣಿನ ಡಬ್ಬಿಯಲ್ಲಿ ಇಟ್ಟರೆ ಅದು ಉಪವಾಸ ಬೀಳುತ್ತದೆ.

ಹಾವಿನ ಊಟ ಮತ್ತು ಹಾವು ಕಡಿತ

2020ರಲ್ಲಿ ಪ್ರಕಟವಾದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸತ್ತಿದ್ದಾರೆ. ಇವರಲ್ಲಿ ಹೆಚ್ಚಿನವರು ಹಳ್ಳಿಗರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾವು ಮನುಷ್ಯನನ್ನು ಹುಡುಕಿಕೊಂಡು ಬರುವುದಿಲ್ಲ, ತನ್ನ ಊಟವನ್ನು ಹುಡುಕಿಕೊಂಡು ಬಂದ ದಾರಿಯಲ್ಲಿ ಮನುಷ್ಯ ಸಿಗುತ್ತಾನೆ. ಕಬ್ಬು ಕಡಿಯುವಾಗ ತರಗಿನೊಳಗಿನ ಕೊಳಕುಮಂಡಲ, ರಾತ್ರಿ ನಾಲೆಯ ಬದುವಿನ ನಾಗರಹಾವು, ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುವ ಕಟ್ಟುಹಾವು ಇವೆಲ್ಲ ಹೀಗೆಯೇ ಎದುರಾಗುತ್ತವೆ. ಕಟ್ಟುಹಾವಿನ ಕಡಿತದಲ್ಲಿ ನೋವು, ಊತ ಅಷ್ಟಾಗಿ ಇರುವುದಿಲ್ಲವಾದ್ದರಿಂದ ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗದಿರಬಹುದು.

ದವಸದ ಚೀಲಗಳನ್ನು ನೆಲದಿಂದ ಎತ್ತರದಲ್ಲಿಡುವುದು, ಮೆದೆ ಮತ್ತು ಸೌದೆಯ ರಾಶಿಯನ್ನು ಮಲಗುವ ಮನೆಯಿಂದ ದೂರ ಹಾಕುವುದು, ಇಲಿಯ ಬಿಲಗಳನ್ನು ಮುಚ್ಚುವುದು ಹಾವಿನ ಆಹಾರವನ್ನೇ ಮನೆಯಿಂದ ಹೊರಗಿಡುವ ಕ್ರಮಗಳು. ಮಂಚದ ಮೇಲೆ ಮಲಗುವುದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದು, ಗದ್ದೆಗೆ ಟಾರ್ಚ್ ಮತ್ತು ಬೂಟು ಧರಿಸಿ ಹೋಗುವುದು ಉಪಯುಕ್ತ. ಕಡಿತವಾದರೆ ಗಾಯವನ್ನು ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸಲು ಕಾಯುವುದು ಅಪಾಯಕರ. ಕಡಿದ ಅಂಗವನ್ನು ಅಲುಗಾಡಿಸದಂತೆ ಇಟ್ಟು, 108 ಆಂಬುಲೆನ್ಸಿಗೆ ಕರೆ ಮಾಡಿ, ಪ್ರತಿವಿಷ ದೊರೆಯುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಬೇಕು. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ರೋಗಿಯ ಲಕ್ಷಣಗಳನ್ನು ನೋಡಿಯೇ ವೈದ್ಯರು ಚಿಕಿತ್ಸೆ ನಿರ್ಧರಿಸುತ್ತಾರೆ.